ಎಲ್‌ಬಿಬಿ ತೆಗ್ದಾಯ್ತಾ?

ಆರ್.ಟಿ. ನಗರ
2 ಏಪ್ರಿಲ್ 2025

ಆಶಾ,

ಫೋನು ಮಾಡಬಾರದು, ವಾಟ್ಸಪ್ಪಿನಲ್ಲಿ ಬರೆಯಬಾರದು, ವಿಚಾರಣೆ ಮುಗಿಯುವ ತನಕ ನಾವಿಬ್ಬರೂ ಎದುರುಬದುರು ಕೂರಬಾರದು ಎಂದು ಕಾಶಿನಾಥ ಸಾಹೇಬರ ಅಪ್ಪಣೆಯಾಗಿದೆಯಲ್ಲ, ಅದಕ್ಕೇ ಈ ಕಾಗದ. ಅಂಚೆಯಲ್ಲಿ ಬರೆಯಬಾರದು ಎಂದು ಹೇಳುವುದು ಅವರಿಗೆ ಹೊಳೆಯಲಿಲ್ಲ. ಆರ್.ಟಿ. ನಗರದಿಂದ ಮತ್ತಿಕೆರೆಗೆ ಸ್ಟಾಂಪು ಅಂಟಿಸಿ ಕಾಗದ ಹಾಕುವ ಹುಚ್ಚಿ ಈ ಕಾಲದಲ್ಲಿ ಯಾರಿದ್ದಾಳೆ? ನಾನಿದ್ದೇನೆ.

ಈ ಸಲ ಯುಗಾದಿ ಭಾನುವಾರ, ಈದ್ ಸೋಮವಾರ, ಒಂದರ ಬೆನ್ನಿಗೆ ಒಂದು. ಕಾಲೇಜಿನ ದಿನಗಳಿಂದ ಇದೇ ಮೊದಲ ಸಲ ನಿಮ್ಮ ಮನೆಯ ಒಬ್ಬಟ್ಟು ಇಲ್ಲಿಗೆ ಬರಲಿಲ್ಲ. ಅಮ್ಮಿ ನಿನಗೆಂದು ಶೀರ್‌ಖುರ್ಮಾ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಸಂಜೆಯವರೆಗೂ ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟಿದ್ದರು. ಆಶಾ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಡ್ಯೂಟಿ ಇದೆ ಎಂದೆ. ಆಮೇಲೆ ಅದನ್ನು ನಾನೇ ತಿಂದೆ, ರುಚಿಯೇ ಗೊತ್ತಾಗಲಿಲ್ಲ.

ನನಗೆ ಸಾಕಾಗಿದೆ ಕಣೇ. ಆ ದಿನ ಮಧ್ಯಾಹ್ನ ನಮ್ಮ ಹುಣಸೆತೋಪು ವಿದ್ಯುತ್ ಸ್ಟೇಷನ್ ಸತ್ತು, ಯಲಹಂಕದಿಂದ ಬಾಗಲೂರಿನವರೆಗೆ ಕರೆಂಟು ಹೋಯಿತಲ್ಲ, ಆವತ್ತಿನಿಂದ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿಲ್ಲ. ಪಾಳಿಯ ಎಂಜಿನಿಯರ್ ನಾನು, ರಿಲೇ ಪರೀಕ್ಷೆಗೆ ಬಂದವಳು ನೀನು, ತಪ್ಪು ಯಾರದ್ದು ಎಂದು ಕಂಡುಹಿಡಿಯಲು ಬಂದವರು ಆಡಳಿತ ವಿಭಾಗದ ಕಾಶಿನಾಥರು. ಪುಣ್ಯಾತ್ಮರು ಬ್ರೇಕರ್ ಎಂದರೆ ರಸ್ತೆಯ ಹಂಪು ಎಂದುಕೊಂಡಿದ್ದರು. ಸುಳ್ಳಲ್ಲ.

"ಈ ಎಲ್‌ಬಿಬಿ ಎಲ್‌ಬಿಬಿ ಅಂತೀರಲ್ಲ, ಏನಮ್ಮಾ ಅದು? ನಂಗರ್ಥ ಆಗೋ ಹಾಗೆ ಕನ್ನಡದಲ್ಲಿ ಹೇಳಿ" ಎಂದರು.

ಹೇಳಿದೆ. "ಸಾರ್, ಒಂದು ಲೈನಿನ ಮೇಲೆ ಮರ ಬಿತ್ತು ಅಂತಿಟ್ಕೊಳ್ಳಿ. ರಿಲೇ ಅಂತ ಕಾವಲು ಕಾಯೋದು ಒಂದಿದೆ, ಅದಕ್ಕೆ ತಕ್ಷಣ ಗೊತ್ತಾಗುತ್ತೆ. ಆ ಲೈನಿನ ಬ್ರೇಕರ್‌ಗೆ 'ತೆಗಿ' ಅಂತ ಆರ್ಡರ್ ಕೊಡುತ್ತೆ. ಬ್ರೇಕರ್ ತೆಗೆದ್ರೆ ಅದೊಂದು ಲೈನು ಕತ್ತಲು, ಮಿಕ್ಕಿದ್ದೆಲ್ಲ ಕ್ಷೇಮ. ಬ್ರೇಕರ್ ಅಲ್ಲಾಡದೆ ಕೂತ್ಕೊಂಡ್ರೆ?"

"ಕೂತ್ಕೊಂಡ್ರೆ?"

"ಅದಕ್ಕೇ ಎಲ್‌ಬಿಬಿ ಇರೋದು. ಆರ್ಡರ್ ಹೋಗಿದ್ದು ಅದಕ್ಕೆ ಗೊತ್ತು. ಸೆಕೆಂಡಿನ ಐದನೇ ಒಂದು ಭಾಗ ಕಾಯುತ್ತೆ. ಆಮೇಲೂ ಕರೆಂಟು ಹರೀತಾನೇ ಇದ್ರೆ, ಇವ್ನು ಕೈಕೊಟ್ಟ ಅಂತ ಲೆಕ್ಕ. ಅದೇ ಬಸ್ಸಿಗೆ ಸೇರಿರೋ ಅಕ್ಕಪಕ್ಕದ ಬ್ರೇಕರ್‌ಗಳನ್ನೆಲ್ಲ ತೆಗೆಸಿಬಿಡುತ್ತೆ."

"ಯಾವ ಬಸ್ಸು?"

"ಓಡಾಡೋ ಬಸ್ಸಲ್ಲ ಸಾರ್. ತಲೆ ಮೇಲೆ ಉದ್ದಕ್ಕೆ ಪೈಪಿನ ಥರ ಹೋಗಿದೆ ನೋಡಿ, ಲೈನುಗಳೆಲ್ಲ ಅದರಿಂದಾನೇ ಕರೆಂಟು ತಗೊಳ್ಳೋದು. ಎರಡಿವೆ. ಅವತ್ತು ಒಂದು ರಿಪೇರೀಲಿತ್ತು, ಎಲ್ಲಾ ಲೈನೂ ಇನ್ನೊಂದರ ಮೇಲೇ ಇತ್ತು."

ಅವರು ಪೆನ್ನಿನ ತುದಿ ಕಚ್ಚಿದರು. "ಅಲ್ಲಮ್ಮಾ, ಯಾವನೋ ಒಬ್ಬ ಕೆಲ್ಸ ಮಾಡ್ಲಿಲ್ಲ ಅಂತ ಅಕ್ಕಪಕ್ಕದೋರೆಲ್ಲ ಕತ್ತಲಲ್ಲಿ ಕೂರ್ಬೇಕಾ?"

"ಹೌದು ಸಾರ್. ಇಲ್ದಿದ್ರೆ ಎಲ್ಲಾ ಸುಟ್ಟೋಗುತ್ತೆ."

ಆ ದಿನದ್ದನ್ನೂ ಬಿಡಿಸಿ ಹೇಳಿದೆ. ಲೈನು ಆಗಲೇ ಬಂದ್ ಆಗಿತ್ತು. ಆಶಾರಾಣಿ, ಅಂದರೆ ನೀನು, ನಿನ್ನ ಪೆಟ್ಟಿಗೆಯಿಂದ ರಿಲೇಗೆ ಸುಳ್ಳು ಕರೆಂಟು ಕೊಟ್ಟು ಪರೀಕ್ಷೆ ಮಾಡುತ್ತಿದ್ದೆ. ಆ ಕರೆಂಟು ಎಲ್‌ಬಿಬಿಯ ಒಳಗೂ ಹಾದುಹೋಗುತ್ತದೆ. ಅದಕ್ಕೇ ಪರೀಕ್ಷೆಗೆ ಮುಂಚೆ ಎಲ್‌ಬಿಬಿ ಪ್ಯಾನೆಲಿನಲ್ಲಿರುವ ಒಂದು ಲಿಂಕನ್ನು, ಅದರ ಆರ್ಡರ್ ದಾಟಿಹೋಗುವ ಬೆರಳುದ್ದದ ಪಟ್ಟಿಯನ್ನು, ತೆಗೆದಿಡಬೇಕು. ತೆಗೆಯದಿದ್ದರೆ ಎಲ್‌ಬಿಬಿ ಸುಳ್ಳನ್ನು ನಿಜವೆಂದೇ ನಂಬುತ್ತದೆ. ಆರ್ಡರ್ ಹೋಗಿಯೂ ಕರೆಂಟು ನಿಲ್ಲಲಿಲ್ಲ ಎಂದು ಎಲ್ಲವನ್ನೂ ಬೀಳಿಸುತ್ತದೆ. ಬೀಳಿಸಿತು. ಅದರ ಕೆಲಸ ಅದು ಪ್ರಾಮಾಣಿಕವಾಗಿ ಮಾಡಿತು.

ನೀನು ಆ ಸಾಲಿನ ಕೊನೆಯ ಪ್ಯಾನೆಲಿನ ಹಿಂದಿನಿಂದ ಕೂಗಿದೆ, "ಜಬೀನ್, ಎಲ್‌ಬಿಬಿ ತೆಗ್ದಾಯ್ತಾ?" ನಾನು ಕೀಲಿ ತಿರುಗಿಸಿ ಎಲ್‌ಬಿಬಿ ಪ್ಯಾನೆಲಿನ ಬಾಗಿಲು ತೆಗೆದಿಟ್ಟಿದ್ದೆ. "ತೆಗ್ದಾಯ್ತು" ಎಂದೆ. ಲಿಂಕನ್ನು ನೀನೇ ಬಂದು ತೆಗೆಯುತ್ತೀಯ ಎಂದುಕೊಂಡೆ, ನೀವು ಟೆಸ್ಟಿಂಗಿನವರು ನಿಮ್ಮ ಲಿಂಕನ್ನು ಬೇರೆಯವರು ಮುಟ್ಟಿದರೆ ಕೈ ಕಡಿಯುವವರು. ಕೀ ನನ್ನ ಹತ್ತಿರ ಇದೆ, ಆದ್ದರಿಂದ ನಾನೇ ತೆಗೆದಿರುತ್ತೇನೆ ಎಂದು ನೀನು ಅಂದುಕೊಂಡೆ.

"ಭಾಳ ಚೆನ್ನಾಗಿ ಹೇಳಿದ್ರಿ ಕಣಮ್ಮಾ, ಮಕ್ಕಳಿಗೆ ಹೇಳಿದಂಗೆ" ಎಂದು ಅವರು ಮೆಚ್ಚಿಕೊಂಡರು. ಅಂಥವರು ಮೊನ್ನೆ ಕರಡು ವರದಿ ಕಳಿಸಿದ್ದಾರೆ. ಮೊದಲು ರಂಜಾನ್ ಉಪವಾಸದ ಸುಸ್ತು ಎಂದು ಬರೆದು ಹೊಡೆದುಹಾಕಿದ್ದಾರೆ. ಆಮೇಲೆ ಹೀಗೆ: "ಪಾಳಿ ಎಂಜಿನಿಯರ್ ಅವರ ಮನೆಮಾತು ಉರ್ದುವಾಗಿರುವುದರಿಂದ, ಕನ್ನಡದಲ್ಲಿ ಕೇಳಲಾದ ಪ್ರಶ್ನೆಯನ್ನು ಸರಿಯಾಗಿ ಗ್ರಹಿಸದೆ ಉತ್ತರಿಸಿದ್ದಾರೆ."

ಆ ಸಾಲು ಎಲ್ಲಿಂದ ಬಂತು ಆಶಾ? ನಿನ್ನನ್ನು ಕೇಳಿದರಾ? ಕೇಳಿದಾಗ ನೀನೇನು ಹೇಳಿದೆ? ಇಷ್ಟು ಬರೆ, ಬೇರೆ ಏನೂ ಬೇಡ.

ಜಬೀನ್

*

ಮತ್ತಿಕೆರೆ
13 ಏಪ್ರಿಲ್ 2025

ಪ್ರೀತಿಯ ಜಬೀನ್,

ಇದನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯಲು ಶುರು ಮಾಡಿದ್ದು, ಮನೆಯಲ್ಲಿ ಮುಗಿಸುತ್ತಿದ್ದೇನೆ. ಅಮ್ಮನಿಗೆ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾಲ್ಕು ಗಂಟೆ ಮಶೀನಿಗೆ ಹಾಕಿದರೆ, ಹೊರಗೆ ಬಂದ ಮೇಲೆ ಆಟೋ ಹತ್ತುವ ಶಕ್ತಿಯೂ ಇರುವುದಿಲ್ಲ. ಅವಳನ್ನು ತಬ್ಬಿಕೊಂಡೇ ಹತ್ತಿಸಬೇಕು. ಆಮೇಲೆ ನಾನು ಹೆಲ್ಮೆಟ್ ಹಾಕಿಕೊಂಡು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು ಆಫೀಸಿಗೆ ಹೋಗಬೇಕು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದೆ, ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ: ನಿನ್ನ ವಿರುದ್ಧ ನಾನು ಒಂದು ಮಾತೂ ಹೇಳಿಲ್ಲ. ಅಮ್ಮನ ಮೇಲಾಣೆ.

ಕಾಶಿನಾಥರೇ ಕೇಳಿದರು. "ಅವರಿಗೆ ಕನ್ನಡ ಅಷ್ಟಾಗಿ ಬರಲ್ಲ, ಅಲ್ವಾ?" ಎಂದರು. ನಾನು ಫ್ಯಾನು ನೋಡುತ್ತಿದ್ದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರು ಏನೋ ಬರೆದುಕೊಂಡರು. ಆಮೇಲೆ ಅವರೇ ಹೇಳಿದರು, "ನೋಡಿ, ಭಾಷೆ ಅರ್ಥ ಆಗ್ಲಿಲ್ಲ ಅಂತ ಆಗ್ಬಿಟ್ರೆ ಇದು ಯಾರದ್ದೂ ನಿರ್ಲಕ್ಷ್ಯ ಅಲ್ಲ. ಆ ಹೆಣ್ಮಗಳಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಮುಗಿಸ್ಬೋದು. ನಿಮ್ಮ ತಂಟೆಗೆ ಯಾರೂ ಬರಲ್ಲ. ಇಲ್ದಿದ್ರೆ ಇಬ್ಬರಿಗೂ ಛೀಮಾರಿ ಬೀಳುತ್ತೆ, ಟೆಸ್ಟಿಂಗ್ ಕಡೆಯವ್ರನ್ನ ಮೊದಲು ಎತ್ತಾಕ್ತಾರೆ, ಎಲ್ಲಿಗೋ ಏನೋ."

ಎತ್ತಿಹಾಕಿದರೆ ಅಮ್ಮನನ್ನು ಮಶೀನಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಹೇಳು. ಪುನೀತ ನನ್ನ ತಮ್ಮ ಎಂದು ಹೇಳಿಕೊಳ್ಳಲಿಕ್ಕಷ್ಟೇ. ಬಂದರೆ ಅರ್ಧ ಗಂಟೆ, ಅದರಲ್ಲೂ ಮೊಬೈಲು. ಹೊಸ ಊರಿನಲ್ಲಿ ಡಯಾಲಿಸಿಸ್ ಸೀಟು ಹುಡುಕಿ ಅವಳನ್ನು ಅಲ್ಲಿಗೆ ಸಾಗಿಸುವುದು ಆಗದ ಮಾತು, ಆ ದೇಹದಲ್ಲಿ ಏನೂ ಉಳಿದಿಲ್ಲ.

ನಿನ್ನ ಬಗ್ಗೆ ಯೋಚಿಸದೆ ಇರಲಿಲ್ಲ. ಎಚ್ಚರಿಕೆ ಪತ್ರ ಎಂದರೆ ಏನು, ಒಂದು ಕಾಗದ. ಫೈಲಿನಲ್ಲಿ ಮಲಗಿರುತ್ತದೆ. ನಿನಗೆ ಕನ್ನಡ ಬರುತ್ತದೆ ಎಂದು ಇಡೀ ಸ್ಟೇಷನ್ನಿಗೆ ಗೊತ್ತು, ಹೆಲ್ಪರ್ ಲಕ್ಕಣ್ಣನ ರಜಾ ಅರ್ಜಿ ಕೂಡ ನೀನೇ ಬರೆದುಕೊಡುವುದು. ಒಂದು ಸಾಲು ತಾನೆ ಜಬೀನ್? ಇಬ್ಬರೂ ಉಳಿದುಕೊಳ್ಳುತ್ತೇವೆ. ದಯವಿಟ್ಟು ಇದನ್ನು ಇಲ್ಲಿಗೇ ಬಿಡು.

ಅಮ್ಮಿಗೆ ನಮಸ್ಕಾರ ಹೇಳು. ಡಬ್ಬಿಯ ವಿಷಯ ಓದಿ ಅತ್ತೆ.

ನಿನ್ನ
ಆಶಾ

*

ಆರ್.ಟಿ. ನಗರ
27 ಏಪ್ರಿಲ್ 2025

ಆಶಾರಾಣಿಗೆ,

ಒಂದು ಸಾಲು ತಾನೆ ಎಂದೆ. ಆ ಸಾಲನ್ನು ನನ್ನ ಅಬ್ಬಾ ಓದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆಯಾ?

ಗುಲಾಮ್ ರಸೂಲ್ ಮೇಷ್ಟ್ರು ಎಂದರೆ ಈಗಲೂ ಸುಲ್ತಾನಪಾಳ್ಯದಲ್ಲಿ ಅವರ ಹಳೇ ಶಿಷ್ಯರು ರಸ್ತೆಯಲ್ಲಿ ನಿಂತು ಅಮ್ಮಿಗೆ ಕೈ ಮುಗಿಯುತ್ತಾರೆ. ಸರ್ಕಾರಿ ಶಾಲೆಯಲ್ಲಿ ಜೀವಮಾನವೆಲ್ಲ ಕನ್ನಡ ಕಲಿಸಿದವರು. ಮನೆಯಲ್ಲಿ ನಾವು ದಖನಿ ಉರ್ದು ಮಾತಾಡುತ್ತಿದ್ದೆವು, ಅಬ್ಬಾ ವ್ಯಾಕರಣ ಮಾತ್ರ ಕನ್ನಡದಲ್ಲೇ ಬೈಯುತ್ತಿದ್ದರು. ನಾನು "ತಿಂದೆ" ಎಂದರೆ "ಏನನ್ನು?" ಎನ್ನುತ್ತಿದ್ದರು. "ಬರೆದೆ" ಎಂದರೆ "ಏನನ್ನು ಕಣಮ್ಮಾ? ಕರ್ತೃ ಬಂತು, ಕ್ರಿಯಾಪದ ಬಂತು, ಕರ್ಮ ಎಲ್ಲಿ?" ನೀನೇ ಊಟಕ್ಕೆ ಬಂದಾಗ ಇದನ್ನು ಕೇಳಿ ನಗುತ್ತಿದ್ದೆ. ಮತ್ತಿಕೆರೆಯ ಆ ಬಾಡಿಗೆ ರೂಮಿನಲ್ಲಿ ನಿನ್ನ ಕೆಲಸದ ಅರ್ಜಿಯನ್ನು ಕನ್ನಡದಲ್ಲಿ ತಿದ್ದಿದ್ದು ಯಾರು? "ಅಲ್ಪಪ್ರಾಣ ಮಹಾಪ್ರಾಣ ಎಲ್ಲಾ ಒಂದೇ ಬಿಡೇ" ಎನ್ನುತ್ತಿದ್ದವಳು ನೀನು.

ಈಗ ಕೇಳು. ನೀನು ಕೂಗಿದ್ದು "ಎಲ್‌ಬಿಬಿ ತೆಗ್ದಾಯ್ತಾ" ಎಂದು. ಕನ್ನಡದಲ್ಲಿ ಬಾಗಿಲು ತೆಗೆದರೆ ದಾರಿಯಾಗುತ್ತದೆ, ಲಿಂಕು ತೆಗೆದರೆ ದಾರಿ ಮುಚ್ಚುತ್ತದೆ. ಎರಡಕ್ಕೂ ಒಂದೇ ಮಾತು. ಎಲ್‌ಬಿಬಿ ಎಂದರೆ ಆ ಪ್ಯಾನೆಲೂ ಹೌದು, ಅದರ ಲಿಂಕೂ ಹೌದು. ಏನನ್ನು ತೆಗೆಯಬೇಕು ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರಿಗೂ ಕನ್ನಡ ಜಾಸ್ತಿ ಬಂದಿದ್ದಕ್ಕೆ ಆದ ತಪ್ಪು ಇದು. ಕನ್ನಡ ಬಾರದವಳಾಗಿದ್ದರೆ "ಯಾವ್ದು?" ಎಂದು ತಿರುಗಿ ಕೇಳುತ್ತಿದ್ದಳು. ನನ್ನ ತಪ್ಪು ನನಗಿರಲಿ, ಕೇಳದೆ ಇದ್ದದ್ದಕ್ಕೆ ಛೀಮಾರಿ ಹಾಕಲಿ, ತಲೆ ಬಗ್ಗಿಸಿ ತೆಗೆದುಕೊಳ್ಳುತ್ತೇನೆ. ಕನ್ನಡ ಬರುವುದಿಲ್ಲ ಎಂಬ ಕ್ಷಮೆ ನನಗೆ ಬೇಡ. ಹುಟ್ಟಿದ ಊರಿನಲ್ಲಿ ನನ್ನನ್ನು ಹೊರಗಿನವಳನ್ನಾಗಿ ಮಾಡಿ ಕೊಡುವ ಕ್ಷಮೆ ಅದು.

ನೀನು ಸುಮ್ಮನಿದ್ದೆ ಎಂದು ಬರೆದಿದ್ದೀಯ, ಅದೇನೋ ದೊಡ್ಡ ಉಪಕಾರ ಎಂಬಂತೆ. ಕಾಶಿನಾಥರು ಕೇಳಿದಾಗ ನಿನಗೆ ಆರ್ಡರ್ ಹೋಯಿತು ಆಶಾ. ನೀನು ಬಾಯಿ ತೆಗೆಯಲಿಲ್ಲ. ಕೈಕೊಟ್ಟ ಬ್ರೇಕರ್‌ನಿಂದ ಅಕ್ಕಪಕ್ಕದವರಿಗೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ನಿನ್ನ ಅಮ್ಮನ ಕಷ್ಟ ನನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ, ಅದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ. ಆದರೂ ಕೇಳುತ್ತೇನೆ. ಜೂನಿನಲ್ಲಿ ಕಡೆಯ ಹೇಳಿಕೆ ಕೊಡಲು ಕರೆಯುತ್ತಾರೆ. ಆ ಸಾಲನ್ನು ತೆಗೆಸು.

ಜಬೀನ್ ತಾಜ್
ಗುಲಾಮ್ ರಸೂಲ್ ಮೇಷ್ಟ್ರ ಮಗಳು

*

ಮತ್ತಿಕೆರೆ
9 ಜೂನ್ 2025

ಜಬೀನ್,

ನಿನ್ನ ಕಾಗದ ಬಂದು ಎಷ್ಟೋ ವಾರವಾಯಿತು. ಉತ್ತರ ಬರೆಯಲು ಕೂರುತ್ತಿದ್ದೆ, ಎದ್ದುಬಿಡುತ್ತಿದ್ದೆ. ಸಿಟ್ಟೂ ಬಂದಿತ್ತು. ಅಬ್ಬಾರನ್ನು ಎಳೆದು ತಂದು ನನ್ನ ಎದುರು ನಿಲ್ಲಿಸಿದೆಯಲ್ಲ ಎಂದು. ನನ್ನ ಅಮ್ಮ ಜೀವಂತ ಇದ್ದಾಳೆ, ನಿನ್ನ ಅಬ್ಬಾ ಹೋಗಿಯಾಯಿತು, ನನಗೆ ಯಾವುದು ದೊಡ್ಡದು ಎಂದೆಲ್ಲ ಬರೆದು ಹರಿದುಹಾಕಿದೆ. ಈಗ ಅದೆಲ್ಲ ಬರೆಯುವಷ್ಟು ತ್ರಾಣವಿಲ್ಲ.

ಹೋದ ಶನಿವಾರ ಮಶೀನಿಗೆ ಹಾಕಿಸಿಕೊಂಡು ಮಲಗಿದ್ದ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು. "ಆ ಉಡ್ಗಿ ಯಾಕೆ ಬರಾಕಿಲ್ಲ ಈಗ? ಜಬೀನಮ್ಮ?"

ಡ್ಯೂಟಿ ಇರುತ್ತೆ ಎಂದೆ.

"ಉಗಾದಿ ಅಬ್ಬಕ್ಕೂ ಬರ್ನಿಲ್ಲ. ಇಂಗೆಲ್ಲ ಸುಳ್ಳು ಏಳ್ಬ್ಯಾಡ. ಏನಾತು ಏಳು."

ನಾಲ್ಕು ಗಂಟೆ ಅವಳು ಎಲ್ಲಿಗೂ ಹೋಗುವ ಹಾಗಿಲ್ಲ, ನಾನೂ ಎಲ್ಲಿಗೂ ಹೋಗುವ ಹಾಗಿಲ್ಲ. ಹೇಳಿದೆ. ಲಿಂಕು ಬಾಗಿಲು ಎಲ್ಲ ಅವಳಿಗೆ ತಲೆಗೆ ಹತ್ತಲಿಲ್ಲ. ಕಾಶಿನಾಥರ ಪ್ರಶ್ನೆ ಮಾತ್ರ ಹತ್ತಿತು. ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಹೋದಳು ಎಂದುಕೊಂಡೆ.

"ಅದಕ್ಕೆ ನೀನೇನಂದೆ?" ಎಂದಳು.

"ಏನೂ ಅನ್ಲಿಲ್ಲಮ್ಮ."

"ಬಾಯ್ ತೆಗೀನಿಲ್ವಾ?"

ನಿನ್ನ ಮಾತೇ ಕಣೇ, ಅದೇ ಮಾತು. ನೀವಿಬ್ಬರೂ ಮಾತಾಡಿಕೊಂಡಿದ್ದೀರಾ ಎಂದು ಒಂದು ಕ್ಷಣ ಅನುಮಾನ ಬಂತು. "ನಿಂಗೋಸ್ಕರ ಕಣಮ್ಮ, ವರ್ಗ ಆದ್ರೆ ನಿನ್ನ ಯಾರು ಇಲ್ಲಿಗೆ ಕರ್ಕೊಂಡು ಬರ್ತಾರೆ?" ಎಂದೆ.

ಆಗ ಅಮ್ಮ ಆ ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸಬಾರದು ಎಂದು ನರ್ಸು ಹೇಳಿದ್ದರೂ ಅಲ್ಲಾಡಿಸಿದಳು. "ನನ್ನ ಎಸ್ರು ಯಾಕೆ ಏಳ್ತೀಯ ಅದಕ್ಕೆ? ನಾನು ಏಳಿದ್ನಾ ಬಾಯ್ ಮುಚ್ಕೊ ಅಂತ? ಎದುರ್ಕೊಂಡೋಳು ನೀನು. ನನ್ ತಲೆಗ್ ಕಟ್ಬ್ಯಾಡ" ಎಂದಳು. ಮಶೀನು ಪೀಪೀ ಎಂದು ಕೂಗಿತು, ನರ್ಸು ಓಡಿಬಂದು ನನಗೇ ಬೈದಳು.

ಅದು ನಿಜ. ಹೆದರಿದವಳು ನಾನೇ. ಈಗಲೂ ಹೆದರಿಕೆ ಇದೆ. ನಾಳೆ ಹೇಳಿಕೆ ಕೊಡುತ್ತೇನೆ. ಅದರ ನಕಲು ಇದರ ಜೊತೆಗಿಟ್ಟಿದ್ದೇನೆ. ಕಾಗುಣಿತ ತಪ್ಪಿದ್ದರೆ ಬೈಯಬೇಡ, ತಿದ್ದುವವರು ಯಾರೂ ಇರಲಿಲ್ಲ.

ಆಶಾ

*

ಇವರಿಗೆ,
ಶ್ರೀ ಕಾಶಿನಾಥ, ವಿಚಾರಣಾಧಿಕಾರಿಗಳು

ಇವರಿಂದ,
ಎಂ. ಆಶಾರಾಣಿ, ಸಹಾಯಕ ಎಂಜಿನಿಯರ್, ರಿಲೇ ಪರೀಕ್ಷಾ ವಿಭಾಗ

10 ಜೂನ್ 2025

ಮಾನ್ಯರೇ,

ವಿಷಯ: ಹುಣಸೆತೋಪು ಸ್ಟೇಷನ್ನಿನಲ್ಲಿ ಎಲ್‌ಬಿಬಿ ಕಾರ್ಯಾಚರಣೆಯಿಂದ ಉಂಟಾದ ವಿದ್ಯುತ್ ವ್ಯತ್ಯಯದ ಬಗ್ಗೆ ನನ್ನ ಕಡೆಯ ಹೇಳಿಕೆ.

ಪರೀಕ್ಷೆಗೆ ಮುಂಚೆ ಎಲ್‌ಬಿಬಿ ಲಿಂಕನ್ನು ತೆಗೆಯಲಾಗಿದೆಯೇ ಎಂದು ಕಣ್ಣಾರೆ ನೋಡುವುದು ಪರೀಕ್ಷೆ ಮಾಡುವವರ ಕೆಲಸ. ನಾನು ಎದ್ದು ಹೋಗಿ ನೋಡಲಿಲ್ಲ. ಕೂತ ಕಡೆಯಿಂದ ಕೂಗಿದೆ. ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿದ್ದು ದಣಿದಿದ್ದೆ ಎಂಬುದು ಕಾರಣವೇ ಹೊರತು ಸಮರ್ಥನೆಯಲ್ಲ.

ನಾನು ಕೂಗಿದ ಪ್ರಶ್ನೆ "ಎಲ್‌ಬಿಬಿ ತೆಗ್ದಾಯ್ತಾ?" ಎಂಬುದಾಗಿತ್ತು. ಲಿಂಕನ್ನೋ ಬಾಗಿಲನ್ನೋ ಎಂದು ನಾನು ಹೇಳಲಿಲ್ಲ. ಪಾಳಿ ಎಂಜಿನಿಯರ್ ಜಬೀನ್ ತಾಜ್ ಅವರು ಬಾಗಿಲನ್ನು ತೆಗೆದಿದ್ದರು, "ತೆಗ್ದಾಯ್ತು" ಎಂದರು. ಅವರ ಉತ್ತರ ಸತ್ಯವಾಗಿತ್ತು ಮತ್ತು ಸರಿಯಾದ ಕನ್ನಡದಲ್ಲಿತ್ತು. ನನ್ನ ಪ್ರಶ್ನೆಯಲ್ಲಿ ಕರ್ಮಪದ ಸ್ಪಷ್ಟವಿರಲಿಲ್ಲ.

ಅವರಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ ಅಲ್ಲವೇ ಎಂದು ತಾವು ಕೇಳಿದಾಗ ನಾನು ಸುಮ್ಮನಿದ್ದೆ. ನನ್ನ ಮೌನವನ್ನು ಒಪ್ಪಿಗೆ ಎಂದು ತಾವು ಬರೆದುಕೊಂಡಿರಿ. ಅದು ಒಪ್ಪಿಗೆಯಲ್ಲ, ಹೆದರಿಕೆ. ನನಗಿಂತ ಅವರಿಗೆ ಚೆನ್ನಾಗಿ ಕನ್ನಡ ಬರುತ್ತದೆ. ಈ ಕೆಲಸಕ್ಕೆ ನಾನು ಹಾಕಿದ ಅರ್ಜಿಯನ್ನೇ ಅವರು ತಿದ್ದಿಕೊಟ್ಟದ್ದು. ಆದ್ದರಿಂದ ವರದಿಯಿಂದ ಆ ಸಾಲನ್ನು ತೆಗೆದುಹಾಕಬೇಕೆಂದೂ, ಲಿಂಕನ್ನು ನೋಡದೆ ಪರೀಕ್ಷೆ ನಡೆಸಿದ ತಪ್ಪನ್ನು ನನ್ನ ಹೆಸರಿನಲ್ಲಿ ಬರೆಯಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಎಂ. ಆಶಾರಾಣಿ

*

ಮತ್ತಿಕೆರೆ
18 ಜುಲೈ 2025

ಜಬೀನ್,

ಆದೇಶ ನಿನಗೂ ಬಂದಿರುತ್ತದೆ. ಇಬ್ಬರಿಗೂ ಛೀಮಾರಿ. ನನಗೆ ಹಿರಿಯೂರಿನಾಚೆಯ ಒಂದು ಸ್ಟೇಷನ್ನಿಗೆ ವರ್ಗ. ಸೋಮವಾರ ಬಿಟ್ಟು ಮುಂದಿನ ಸೋಮವಾರ ಅಲ್ಲಿ ಹಾಜರಾಗಬೇಕು. ವರದಿಯ ಕೊನೆಯ ಪ್ರತಿ ನೋಡಿದೆ, ಆ ಸಾಲು ಇಲ್ಲ. ಎರಡು ಸಲ ಓದಿ ಖಚಿತ ಮಾಡಿಕೊಂಡೆ.

ಕಾಶಿನಾಥರು ಕರೆದು ಹೇಳಿದರು, "ಎಲ್ಲಾ ಸರಿಹೋಗ್ತಿತ್ತಲ್ಲಮ್ಮಾ, ನೀವೇ ಯಾಕೆ ಮೈಮೇಲೆ ಎಳ್ಕೊಂಡ್ರಿ?" ಕೆಟ್ಟ ಮನುಷ್ಯರಲ್ಲ ಅವರು. ಬೇಗ ಮುಗಿಸಿ ಮನೆಗೆ ಹೋಗಬೇಕು ಎನ್ನುವವರು, ಅಷ್ಟೇ. ನಾನೂ ಅದೇ ಜಾತಿ. ಆದೇಶವನ್ನು ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟೆ.

ಅಮ್ಮ ಇಲ್ಲೇ ಇರುತ್ತಾಳೆ. ಪುನೀತ ನೋಡಿಕೊಳ್ಳುತ್ತೇನೆ ಎಂದಿದ್ದಾನೆ. ಅವನು ಹೇಳಿದ ಮೇಲೆ ಕೆಲಸ ಆಯಿತು ಎಂದು ನಂಬುವ ಅಭ್ಯಾಸ ನನಗೀಗ ತಪ್ಪಿದೆ. ಆಟೋದವರೊಬ್ಬರಿಗೆ ಹೇಳಿದ್ದೇನೆ. ಶನಿವಾರ ರಾತ್ರಿ ಬಸ್ಸು ಹತ್ತಿ ಬಂದು ಭಾನುವಾರ ಇದ್ದು ಹೋಗುತ್ತೇನೆ. ಹೇಗೋ ಆಗುತ್ತದೆ. ಆಗದಿದ್ದರೆ ಏನು ಮಾಡಬೇಕು ಎಂದು ಈಗ ಯೋಚಿಸಲಾರೆ, ತಲೆ ಓಡುತ್ತಿಲ್ಲ.

ನಿನ್ನನ್ನು ಏನೂ ಕೇಳುತ್ತಿಲ್ಲ. ವಿಚಾರಣೆ ಮುಗಿಯಿತು, ಈಗ ಫೋನು ಮಾಡಬಹುದು ಎಂದು ಗೊತ್ತು. ಹೆಸರು ಒತ್ತಲು ಧೈರ್ಯ ಸಾಲಲಿಲ್ಲ, ಅದಕ್ಕೇ ಇದನ್ನು ಬರೆದೆ.

ಆಶಾ

*

ಆರ್.ಟಿ. ನಗರ
22 ಜುಲೈ 2025

ಆಶಾ,

ನಿನ್ನ ಹೇಳಿಕೆಯಲ್ಲಿ ಒಂದೂ ಕಾಗುಣಿತ ತಪ್ಪಿರಲಿಲ್ಲ. ಮೊದಲೇ ಹೇಳಬೇಕಾಗಿತ್ತು, ಹೇಳಲಿಲ್ಲ. ಅದನ್ನು ಅಮ್ಮಿಗೆ ಓದಿ ಹೇಳಿದೆ. "ಕರ್ಮಪದ" ಎಂಬಲ್ಲಿಗೆ ಬಂದಾಗ ಅಮ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನೂ ಓದುವುದು ನಿಲ್ಲಿಸಿದೆ.

ಆಮೇಲೆ ನಿನ್ನ ಮೇಲೆ ಎಂಥ ಸಿಟ್ಟು ಬಂತು ಗೊತ್ತಾ? ನಾನು ತೆಗೆಸು ಎಂದದ್ದು ಒಂದು ಸಾಲನ್ನು. ನೀನು ನಿನ್ನನ್ನೇ ತೆಗೆಸಿಕೊಂಡೆಯಲ್ಲೇ! ಸಿಟ್ಟು ಇಳಿದ ಮೇಲೆ ಗೊತ್ತಾಯಿತು, ಬೇರೆ ದಾರಿ ಇರಲಿಲ್ಲ ಎಂದು. ಆ ಸಾಲು ಹೋದರೆ ಆ ಜಾಗಕ್ಕೆ ನಿಜ ಬರಲೇಬೇಕು. ಇದು ನನಗೆ ಏಪ್ರಿಲಿನಲ್ಲೇ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

ಸ್ಟೇಷನ್ನಿಗೆ ಹೊಸ ಸುತ್ತೋಲೆ ಬಂದಿದೆ. ಇನ್ನು ಮುಂದೆ ಕಂಟ್ರೋಲ್ ರೂಮಿನಲ್ಲಿ "ತೆಗೆ", "ಹಾಕು" ಎಂಬ ಪದಗಳನ್ನು ಬಳಸಕೂಡದಂತೆ. ಲಕ್ಕಣ್ಣ ಊಟದ ಹೊತ್ತಿಗೆ ಬಂದು ಕೈಕಟ್ಟಿ ನಿಂತು, "ಮೇಡಂ, ಡಬ್ಬಿ ಮುಚ್ಚಳಾನ ಈಗ ಏನ್ ಮಾಡ್ಬೇಕು?" ಎಂದು ಕೇಳಿದ. ಎಲ್ಲರೂ ನಕ್ಕರು. ನಗುವಾಗ ನಿನ್ನ ಕುರ್ಚಿಯ ಕಡೆ ನೋಡಿದೆ, ಟೆಸ್ಟಿಂಗಿಗೆ ಬಂದಾಗ ನೀನು ಕೂರುತ್ತಿದ್ದೆಯಲ್ಲ, ಅದು. ಯಾರೋ ಅದರ ಮೇಲೆ ಹಳೇ ಕೇಬಲ್ಲಿನ ಸುರುಳಿ ಇಟ್ಟಿದ್ದಾರೆ.

ಕ್ಷಮಿಸಿಬಿಟ್ಟೆ ಎಂದು ತಿಳಿಯಬೇಡ. ಫ್ಯಾನು ನೋಡುತ್ತ ಕೂತಿದ್ದ ಆ ಆಶಾಳನ್ನು ಮರೆಯಲು ನನಗೆ ಹೊತ್ತು ಬೇಕು. ನೀನೂ ನನ್ನನ್ನು ಅಷ್ಟು ಸುಲಭಕ್ಕೆ ಕ್ಷಮಿಸಬೇಡ. ನಿನ್ನ ಅಮ್ಮನ ಡಯಾಲಿಸಿಸ್ ವಿಷಯ ಗೊತ್ತಿದ್ದೂ ಕೇಳಿದವಳು ನಾನು.

ಈಗ ಕೆಲಸದ ಮಾತು. ಸ್ಟೇಷನ್ನಿನಲ್ಲಿ ಒಂದು ಬಸ್ಸು ಹೋದರೆ ನಾವು ಅಳುತ್ತ ಕೂರುವುದಿಲ್ಲ, ಲೋಡನ್ನು ಇನ್ನೊಂದಕ್ಕೆ ಹಾಕುತ್ತೇವೆ. ಸುತ್ತೋಲೆ ಇಲ್ಲಿಗೆ ಬರುವುದಿಲ್ಲ, ಹಾಕುತ್ತೇವೆ ಎಂದೇ ಬರೆಯುತ್ತೇನೆ. ಮಧ್ಯಾಹ್ನದ ಪಾಳಿ ಕೇಳಿ ಬರೆಸಿಕೊಂಡಿದ್ದೇನೆ, ಬೆಳಗಿನ ಹೊತ್ತೆಲ್ಲ ನನಗೆ ಖಾಲಿ. ಮಂಗಳವಾರ, ಗುರುವಾರ, ಶನಿವಾರ ನಿನ್ನ ಅಮ್ಮನನ್ನು ನಾನು ಕರೆದುಕೊಂಡು ಹೋಗುತ್ತೇನೆ. ಪುನೀತ ಬಂದರೆ ಬರಲಿ, ಅವನ ಮೇಲೆ ಲೆಕ್ಕ ಇಟ್ಟುಕೊಳ್ಳಬೇಡ. ಅಮ್ಮಿ ಜೊತೆಗೆ ಬರುತ್ತೇನೆ ಎಂದು ಹಟ ಮಾಡುತ್ತಿದ್ದಾರೆ, ಇಬ್ಬರು ಮುದುಕಿಯರು ಸೇರಿ ನನ್ನ ಪ್ರಾಣ ತಿನ್ನುವುದು ಖಂಡಿತ.

ಮಶೀನಿಗೆ ಹೋಗುವ ದಿನ ನಿನ್ನ ಅಮ್ಮನಿಗೆ ಎದ್ದು ಬಂದು ಚಿಲಕ ಸರಿಸುವುದೂ ಕಷ್ಟ ಎಂದು ನನಗೆ ಗೊತ್ತು. ಹೊರಡುವ ಮುಂಚೆ ಮನೆಯ ಇನ್ನೊಂದು ಕೀಯನ್ನು ನನಗೆ ತಲುಪಿಸಿ ಹೋಗು. ಅಂಚೆಗೆ ಹಾಕಬೇಡ, ನೀನೇ ತಂದುಕೊಡು. ಡಬ್ಬಿಯೂ ಒಂದು ಇದೆ, ತೆಗೆದುಕೊಂಡು ಹೋಗುವೆಯಂತೆ.

ನಿಮ್ಮ ಮನೆಯ ಬಾಗಿಲನ್ನು ನಾನು ತೆಗೆಯುತ್ತೇನೆ. ಯಾರು ಎಂದು ಹೇಳಿದ್ದೇನೆ, ಏನನ್ನು ಎಂದೂ ಹೇಳಿದ್ದೇನೆ. ಇನ್ನು ಕೂಗಿ ಕೇಳಬೇಡ.

ಜಬೀನ್